ಬಾಣ ತಾಗುವ ಮೊದಲೇ ಸತ್ತಿದ್ದ ಜಿಂಕೆ

ದೆವ್ವ, ಗಾಳಿ, ಸೋಕು ಎಂದರೆ ನಾನು ನಗುತ್ತಿದ್ದವಳು. ಮೈಸೂರಿನ ನಮ್ಮ ಬೀದಿಯ ಹುಣಸೆಮರದಲ್ಲಿ ಯಾರೋ ಇದ್ದಾರೆಂದು ಓರಗೆಯ ಹುಡುಗಿಯರು ಬಳಸಿಕೊಂಡು ಹೋಗುತ್ತಿದ್ದರೆ, ನಾನು ಅದೇ ಮರದ ಕೆಳಗೆ ನಿಂತು ಹುಣಸೆಕಾಯಿ ಆರಿಸುತ್ತಿದ್ದೆ. ಮುಂದೆ ಜೀವಶಾಸ್ತ್ರ ಓದಿ, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಪ್ರಾಣಿಗಳ ಅಂಗಾಂಶ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೇಲಂತೂ ಕೇಳುವುದೇ ಬೇಡ. ಸತ್ತದ್ದು ಸತ್ತದ್ದೇ, ಬೇಕಾದರೆ ಸತ್ತು ಎಷ್ಟು ಹೊತ್ತಾಯಿತೆಂದು ಹೇಳಬಲ್ಲೆ ಎಂಬ ಜಂಬ ನನ್ನದು. ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಅದು ಡಾಟ್‌ಕಾಂ ಕಾಲ. ನಾವು ಸ್ಯಾನ್ ಹೊಸೆಯಲ್ಲಿದ್ದೆವು. ನನ್ನ ಗಂಡ ಚಂದ್ರು ಒಂದು ಸಣ್ಣ ಸ್ಟಾರ್ಟಪ್ಪಿನಲ್ಲಿ ಎಂಜಿನಿಯರು. ಅವರೊಂದಿಗೆ ದುಡಿಯುತ್ತಿದ್ದವರೆಲ್ಲ ಷೇರಿನ ಕನಸು ಕಾಣುತ್ತಿದ್ದರೆ ಚಂದ್ರು ಕಾಣುತ್ತಿದ್ದದ್ದು ಜಿಂಕೆಯ ಕನಸು. ಹಾಸನದ ಕಡೆಯ ಅವರ ಮನೆಯಲ್ಲಿ ಹಿಂದಿನ ಕಾಲದವರಿಗೆ ಹಂದಿ ಬೇಟೆ ಹಬ್ಬದಷ್ಟೇ ಸಹಜವಾಗಿತ್ತಂತೆ. ಇಲ್ಲಿಗೆ ಬಂದ ಮೇಲೆ ಆ ರಕ್ತ ಸುಮ್ಮನಿರಬೇಕಲ್ಲ. ಪರೀಕ್ಷೆ ಬರೆದು ಲೈಸೆನ್ಸು ಪಡೆದರು, ರಾಟೆಗಳಿರುವ ಬಿಲ್ಲೊಂದನ್ನು ಕೊಂಡರು, ಬಾಣಗಳಿಗೆ ತಾವೇ ಕೂತು ಅರಿಶಿನ ಕುಂಕುಮದ ಬಣ್ಣದ ಗರಿ ಅಂಟಿಸಿದರು.

ಫ್ರೀವೇಯಲ್ಲಿ ದಕ್ಷಿಣಕ್ಕೆ ಎರಡು ಮೂರು ಗಂಟೆ ಹೋದರೆ ಓಕ್ ಮರಗಳ ಬೆಟ್ಟಸಾಲು. ಅಲ್ಲಿ ಚೀಟಿ ಎತ್ತಿ ಕೆಲವರಿಗೆ ಮಾತ್ರ ಋತುವಿನ ಕೊನೆಯ ಬೇಟೆಗೆ ಪರವಾನಗಿ ಕೊಡುತ್ತಿದ್ದರು. ಆ ಬೆಟ್ಟದಲ್ಲಿ ಕಪ್ಪು ಬಾಲದ ಒಂದು ಮುದಿ ಗಂಡು ಜಿಂಕೆಯಿತ್ತು. ದಪ್ಪ ಕತ್ತು, ಎಡಗಿವಿಯ ತುದಿ ಹರಿದಿತ್ತು. ಚಂದ್ರು ಅದಕ್ಕೆ ಯಜಮಾನ ಎಂದು ಹೆಸರಿಟ್ಟಿದ್ದರು. ಪ್ರಾಯದ ಜಿಂಕೆಗಳು ಬೇಗ ಬಲಿಯಾಗುತ್ತವೆ, ವಯಸ್ಸಾದದ್ದು ಬೆದೆಯ ಕಾಲ ಬಿಟ್ಟರೆ ಹಗಲಲ್ಲಿ ಮುಖವನ್ನೇ ತೋರಿಸುವುದಿಲ್ಲ ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ನಮ್ಮ ಮನೆಯ ಯಜಮಾನರು ಯಾರೆಂದು ನನಗೇ ಅನುಮಾನ ಬರುತ್ತಿತ್ತು.

ಹಿಂದಿನ ವರ್ಷ ಇವರು ಒಬ್ಬರೇ ಹೋಗಿ ಕೊರಕಲಿಗೆ ಬಿದ್ದು, ಕಾಲು ಉಳುಕಿಸಿಕೊಂಡು ಮಾರನೆಯ ದಿನ ಮನೆ ಸೇರಿದ್ದರು. ಫೋನು ಸಿಗುವ ಜಾಗವಲ್ಲ ಅದು. ಆ ಒಂದು ರಾತ್ರಿ ನಾನು ವಿಧವೆಯಾಗಿಯೇ ಕಳೆದೆ. ಹಾಗಾಗಿ ನಾನು ಬಸುರಿಯಾದಾಗ ಅವರಿಂದ ಒಂದೇ ಒಂದು ಮಾತು ತೆಗೆದುಕೊಂಡೆ: ಒಬ್ಬರೇ ಹೋಗಬಾರದು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಹಾಸನದಿಂದ ನಮ್ಮತ್ತೆ ಫೋನಿನಲ್ಲಿ, "ಹೆಂಡ್ತಿ ಬಸುರಿ ಇರುವಾಗ ಜೀವ ತೆಗೀಬಾರ್ದು ಕಣಪ್ಪ, ಕಾಯೂ ಒಡೀಬಾರ್ದು" ಎಂದರು. ನಾನು ಅದನ್ನೂ ನಕ್ಕು ತಳ್ಳಿಹಾಕಿದೆ. "ನಾನೂ ಬರ್ತೀನಿ, ನಡೀರಿ" ಎಂದೆ. ಡಾಕ್ಟರು ಹೇಗೂ ನಡೆಯಲು ಹೇಳಿದ್ದರು.

ನವೆಂಬರಿನ ಒಂದು ಶನಿವಾರ. ಸಂಜೆ ಬಿಸಿಲು ಇನ್ನೂ ಇತ್ತು. ಬಂಡೆಯೊಂದರ ಮರೆಯಲ್ಲಿ ಕೂತಿದ್ದೆವು, ದುರ್ಬೀನು ನನ್ನ ಕೈಯಲ್ಲಿ. ಮೊದಲು ಹೆಣ್ಣು ಜಿಂಕೆಯೊಂದು ಹುಲ್ಲಿನಲ್ಲಿ ಓಡಿಬಂತು. ಅದರ ಹಿಂದೆಯೇ, ಕತ್ತು ಚಾಚಿ, ಲೋಕದ ಪರಿವೆಯಿಲ್ಲದೆ ಯಜಮಾನ. ಹರಿದ ಎಡಗಿವಿಯನ್ನು ನಾನು ಸ್ಪಷ್ಟವಾಗಿ ನೋಡಿದೆ. ಚಂದ್ರು ಬಿಲ್ಲು ಎಳೆದು ಬಿಟ್ಟರು. ಬಾಣ ತಾಗಿದ ಸದ್ದು ಇಬ್ಬರಿಗೂ ಕೇಳಿಸಿತು. ಜಿಂಕೆ ಒಮ್ಮೆ ಬೆನ್ನು ಬಾಗಿಸಿ, ದಿಬ್ಬ ಹತ್ತಿ ಆಚೆ ಇಳಿಯಿತು.

ಬಾಣ ಬಿದ್ದ ಕೂಡಲೇ ಬೆನ್ನಟ್ಟಬಾರದು, ಅದು ಎಲ್ಲಾದರೂ ಮಲಗಿ ಪ್ರಾಣ ಬಿಡಲು ಹೊತ್ತು ಕೊಡಬೇಕು. ಅರ್ಧ ಗಂಟೆ ಕೂತು ಆಮೇಲೆ ಎದ್ದೆವು. ಹುಲ್ಲಿನ ಮೇಲೆ ರಕ್ತದ ಜಾಡು ಸಿಕ್ಕಿತು. ನಾನು ಬೆರಳಲ್ಲಿ ಮುಟ್ಟಿ ನೋಡಿದೆ. ಹಸಿಯಾಗಿ ಕೆಂಪಗಿತ್ತು. ಜಾಡು ದಿಬ್ಬ ದಾಟಿ ಒಂದು ಓಕ್ ಮರದ ಬುಡಕ್ಕೆ ಹೋಗಿ ನಿಂತಿತು. ಅಲ್ಲಿ ಯಜಮಾನ ಬಿದ್ದಿತ್ತು. ಅದೇ ಕಿವಿ, ಭುಜದ ಹಿಂದೆ ಅರಿಶಿನ ಕುಂಕುಮದ ಗರಿಯ ಬಾಣ.

ಚಂದ್ರು ಬಗ್ಗಿ ಕಾಲು ಹಿಡಿದವರು ಕೈ ಹಿಂದಕ್ಕೆ ಎಳೆದುಕೊಂಡರು. ಕಾಲು ಒನಕೆಯ ಹಾಗೆ ಸೆಟೆದಿತ್ತು. ನಾನು ಮಂಡಿಯೂರಿ ಮುಟ್ಟಿದೆ. ಮೈ ತಣ್ಣಗೆ, ಹೊಟ್ಟೆ ಉಬ್ಬಿತ್ತು, ಕಣ್ಣು ಮಸುಕಾಗಿ ಒಳಗೆ ಹೋಗಿತ್ತು. ಬಾಣದ ಸುತ್ತಲಿನ ರಕ್ತ ಕಪ್ಪಗೆ ಒಣಗಿತ್ತು. ಇದು ನನ್ನ ದಿನನಿತ್ಯದ ಕೆಲಸ, ತಪ್ಪುವ ಮಾತಿಲ್ಲ. ಅದು ಸತ್ತು ಕನಿಷ್ಠ ಒಂದು ದಿನವಾಗಿತ್ತು, ಎರಡು ದಿನವೂ ಆಗಿರಬಹುದು. ನನ್ನ ಬೆರಳಿನ ಮೇಲಿನ ರಕ್ತ ಮಾತ್ರ ಇನ್ನೂ ಆರಿರಲಿಲ್ಲ.

ಕತ್ತಲಾಗುವವರೆಗೆ ಸುತ್ತಲೂ ಹುಡುಕಿದೆವು. ಬೇರೆ ಜಿಂಕೆಯಿಲ್ಲ, ಮುಂದಕ್ಕೆ ಒಂದು ಹನಿ ರಕ್ತವಿಲ್ಲ.

ಯಜಮಾನನನ್ನು ಅಲ್ಲೇ ಬಿಟ್ಟು ಹೊರಟಾಗ ಕಾರಿನಲ್ಲಿ ನಾನು ಕೇಳಿದೆ, "ಗುರುವಾರ ಎಲ್ಲಿದ್ರಿ?"

"ಆಫೀಸಲ್ಲಿ. ಸಾಫ್ಟ್‌ವೇರ್ ರಿಲೀಸ್ ಇತ್ತಲ್ಲ."

"ಒಬ್ರೇ ಇಲ್ಲಿಗೆ ಬಂದಿದ್ರಾ?"

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ ಕಣೇ. ಆಣೆ ಮಾಡಿದ್ದೀನಿ" ಎಂದರು.

ಗುರುವಾರ ಬೆಳಿಗ್ಗೆ ಹೋದವರು ಶುಕ್ರವಾರ ಬೆಳಗಿನ ಜಾವ ಮನೆಗೆ ಬಂದಿದ್ದರು. ಶುಕ್ರವಾರವಿಡೀ ನನ್ನ ಸ್ಕ್ಯಾನಿಗೆಂದು ಜೊತೆಯಲ್ಲೇ ಇದ್ದರು. ನನ್ನ ತಲೆ ತನ್ನ ಪಾಡಿಗೆ ಲೆಕ್ಕ ಹಾಕಿತು. ಗುರುವಾರ ಕದ್ದು ಬಂದು ಯಜಮಾನನಿಗೆ ಬಾಣ ಬಿಟ್ಟಿದ್ದಾರೆ, ಆಗ ಅದು ಕೈಗೆ ಸಿಕ್ಕಿಲ್ಲ. ಇವತ್ತು ನಾವು ನೋಡಿದ್ದು ಇನ್ನೊಂದು ಗಂಡು. ಬೆದೆಯ ಕಾಲದ ಜಗಳದಲ್ಲಿ ಎಷ್ಟು ಜಿಂಕೆಗಳ ಕಿವಿ ಹರಿಯುವುದಿಲ್ಲ? ಅದಕ್ಕೆ ತರಚು ಗಾಯವಾಗಿ ಅದು ಆ ಮರದ ಪಕ್ಕದಲ್ಲೇ ಹಾದುಹೋಗಿದೆ, ಬಾಣ ಹುಲ್ಲಿನಲ್ಲಿ ಕಳೆದುಹೋಗಿದೆ. ಎಲ್ಲವೂ ಸರಿಹೋಯಿತು. ಸರಿಹೋಗದೆ ಉಳಿದದ್ದು ಒಂದೇ, ಹುಟ್ಟಲಿರುವ ಮಗುವಿನ ಮೇಲೆ ಆಣೆಯಿಟ್ಟು ಈ ಮನುಷ್ಯ ಸುಳ್ಳು ಹೇಳಿದ್ದಾನೆ ಎಂಬುದು.

ಜಗಳವಾಡಲಿಲ್ಲ. ಆಡಿದ್ದರೇ ಒಳ್ಳೆಯದಿತ್ತು. ಅವರು ಏನು ಹೇಳಿದರೂ ನಂಬಬೇಕೋ ಬೇಡವೋ ಎಂದು ಅಳೆಯತೊಡಗಿದೆ. ತಡವಾಯಿತೆಂದು ಫೋನು ಮಾಡಿದರೆ ಹಿಂದಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಅವರು ಬಿಲ್ಲನ್ನು ಗರಾಜಿನಲ್ಲಿ ನೇತುಹಾಕಿ ಮತ್ತೆ ಮುಟ್ಟಲಿಲ್ಲ. ತಪ್ಪಿತಸ್ಥರ ಲಕ್ಷಣ ಎಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದಿಲ್ಲವೇ? ಆದರೂ ಒಂದು ಮಾತು ನಿಜ, ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಮನಸ್ಸು ನೊಂದಿತ್ತು ಅಷ್ಟೆ, ಬುದ್ಧಿಗೆ ಗೊಂದಲವಿರಲಿಲ್ಲ.

ಮಗಳು ಆರೋಗ್ಯವಾಗಿ ಹುಟ್ಟಿದಳು. ಅವಳ ನಾಮಕರಣಕ್ಕೆ ಚಂದ್ರು ಅವರ ಆಫೀಸಿನ ಸುಬ್ಬು ಬಂದಿದ್ದ. ಬೆಂಗಳೂರಿನವನು, ಒಳಗೊಂದು ಹೊರಗೊಂದು ಇಲ್ಲದ ಹುಡುಗ. ಅವನ ಎಲೆಗೆ ಪಾಯಸ ಬಡಿಸುತ್ತಾ ತಡೆಯಲಾರದೆ ಕೇಳಿಯೇಬಿಟ್ಟೆ. ನವೆಂಬರಿನ ಆ ದೊಡ್ಡ ರಿಲೀಸಿನ ದಿನ ಇವರು ಆಫೀಸಿನಲ್ಲೇ ಇದ್ದರಾ?

"ಇದ್ನಲ್ಲ ಮೇಡಂ. ಬೆಳಿಗ್ಗೆಯಿಂದ ನನ್ನ ಪಕ್ಕದ ಸೀಟಲ್ಲೇ ಇದ್ದ. ಪೀಜಾ ತರಿಸಿದ್ರೆ ತಿನ್ನೋಕೂ ಏಳ್ಲಿಲ್ಲ. ರಾತ್ರಿ ಎಲ್ರೂ ಅಲ್ಲೇ ಇದ್ವಿ." ಆಮೇಲೆ ಅವನು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. "ಅಲ್ಲಾ, ಏನ್ ವಿಷ್ಯ? ಚಂದ್ರೂನೂ ಬಂದು ಇದನ್ನೇ ಕೇಳಿದ್ದ. ಆ ಗುರುವಾರ ತಾನು ಆಫೀಸಲ್ಲೇ ಇದ್ನಾ, ಎದ್ದು ಎಲ್ಲಾದ್ರೂ ಹೋಗಿದ್ನಾ ಅಂತ. ಒಂದ್ಸಲ ಅಲ್ಲ, ಎರಡು ಮೂರು ಸಲ ಕೇಳ್ದ, ತನ್ನ ಮೇಲೆ ತನಗೇ ನಂಬಿಕೆ ಇಲ್ದವನ ಹಾಗೆ."

ಪಾಯಸದ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದೆ. ಆಚೆ ಕೋಣೆಯಲ್ಲಿ ಚಂದ್ರು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು, ಬಂದವರಿಗೆ ಅವಳ ಹೆಸರು ಹೇಳುತ್ತಿದ್ದರು. ಅವರ ಹತ್ತಿರ ಹೋಗಿ ಕ್ಷಮಿಸಿ ಎನ್ನಬೇಕು ಅನ್ನಿಸಿತು. ಹೋಗಲಿಲ್ಲ. ಹೋಗಿದ್ದರೆ ಅವರು ಖಂಡಿತ ಕೇಳುತ್ತಿದ್ದರು, ಹಾಗಾದರೆ ನಾವು ನೋಡಿದ್ದೇನು ಎಂದು. ಇಷ್ಟು ವರ್ಷಗಳಾದ ಮೇಲೂ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವರಲ್ಲೂ ಇಲ್ಲ. ಒಂದು ಮಾತ್ರ ನೆನಪಿದೆ. ನನ್ನ ಗಂಡ ಸುಳ್ಳು ಹೇಳಿರಲಿಲ್ಲ ಎಂದು ತಿಳಿದ ಆ ಮಧ್ಯಾಹ್ನ, ಮನೆ ತುಂಬ ಜನರಿರುವಾಗಲೇ, ಆ ಜಿಂಕೆಯನ್ನು ನೆನೆದು ನನಗೆ ಮೊದಲ ಸಲ ಭಯವಾಯಿತು.