ದೊಡ್ಡಮ್ಮ ಹೊಂದಿಸಿಕೊಟ್ಟ ಹಿಮದ ಬೂಟು

ದೊಡ್ಡಮ್ಮನ ಎರಡೂ ಕಾಲಿನ ಹೆಬ್ಬೆರಳ ಉಗುರುಗಳು ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ ಕಪ್ಪಾಗಿರುತ್ತಿದ್ದವು. ಬೇಸಿಗೆಯ ಹೊತ್ತಿಗೆ ಅವು ಕಳಚಿ ಬೀಳುತ್ತಿದ್ದವು. ದೀಪಾವಳಿ ಕಳೆಯುವಷ್ಟರಲ್ಲಿ ಹೊಸ ಉಗುರು ಒಂದಿಷ್ಟು ಬಲಿತಿರುತ್ತಿತ್ತು, ಫೆಬ್ರವರಿ ಬಂತೆಂದರೆ ಮತ್ತೆ ಕಪ್ಪು. ಹರಿಹರದ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅವಳು ಅವರೆಕಾಯಿ ಸುಲಿಯುವಾಗ, ಬಂದವರ ಕಣ್ಣು ಮೊದಲು ಆ ಉಗುರುಗಳ ಮೇಲೇ ಬೀಳುತ್ತಿತ್ತು. ಏನಾಯ್ತೆಂದು ಕೇಳಿದರೆ ಹಿಮದ ಮೇಲೆ ಜಾರೋದಕ್ಕೆ ಹೋಗಿದ್ದೆ ಎನ್ನುತ್ತಿದ್ದಳು, ಸಂತೆಗೆ ಹೋಗಿಬಂದೆ ಎನ್ನುವಷ್ಟು ಸಲೀಸಾಗಿ.

ಅವಳು ನನ್ನ ತಾಯಿಯ ಅಕ್ಕ. ಹುಟ್ಟಿದ್ದು ನಂದಿಗುಡಿಯಲ್ಲಿ. ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ಬೆಳೆದದ್ದರಿಂದಲೋ ಏನೋ, ಪಾದ ಅಗಲ, ಬೆರಳುಗಳು ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿ. ಮೀನಖಂಡವೂ ಅಷ್ಟೇ ದಪ್ಪ. ಹರಿಹರದ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದಳು. ಹಿಂದಿಯಲ್ಲಿ ಎಷ್ಟೇ ಪಳಗಿದ್ದರೂ ಮರ್ಯಾದೆಯ ‘ರೀ’ ಅವಳ ಬಾಯಿಂದ ಹೋಗಿರಲಿಲ್ಲ. ರೈಲಿನಲ್ಲಿ ದಿಲ್ಲಿಯವರಿಗೂ ‘ಬೈಠಿಯೇ ರೀ’ ಎಂದು ಜಾಗ ಮಾಡಿಕೊಡುತ್ತಿದ್ದಳು.

ಹಿಮದ ಹುಚ್ಚು ಅವಳಿಗೆ ಹತ್ತಿದ್ದು ಆಕಸ್ಮಿಕವಾಗಿ. ಶಾಲೆಯ ಹುಡುಗಿಯರನ್ನು ಮನಾಲಿಯ ಚಳಿಗಾಲದ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದಳು. ಒಬ್ಬಳಿಗೆ ಜ್ವರ ಬಂದು ಅವಳ ಪಾಲಿನ ಸ್ಕೀ ಹಲಗೆಗಳು ಸುಮ್ಮನೆ ಬಿದ್ದಿದ್ದವು. ತರಬೇತುದಾರ ತಮಾಷೆಗೆ, ಮೇಡಂ ನೀವೇ ನಿಲ್ಲಿ ಎಂದನಂತೆ. ಇವಳು ನಿಂತಳು, ಜಾರಿದಳು, ಬಿದ್ದಳು, ಎದ್ದು ಮತ್ತೆ ಹತ್ತಿದಳು. ಶಿಬಿರ ಮುಗಿಯುವಷ್ಟರಲ್ಲಿ ಸಣ್ಣ ಇಳಿಜಾರನ್ನು ಒಬ್ಬಳೇ ಇಳಿಯುತ್ತಿದ್ದಳು. ಆಗಲೇ ಅವಳಿಗೆ ನಲವತ್ತು ದಾಟಿತ್ತು. ಅಲ್ಲಿಂದ ಮುಂದೆ ಚಳಿಗಾಲಕ್ಕೊಮ್ಮೆ ಒಂದು ವಾರ ರಜೆ ಹಾಕಿ ಹೊರಟುಬಿಡುವಳು. ನೆಂಟರು ಆಡಿಕೊಂಡರು. ಆ ವಾರವಿಡೀ ಸೀರೆ ಬಿಟ್ಟು ಪ್ಯಾಂಟು ಹಾಕುತ್ತಾಳಂತೆ ಎಂಬುದು ಎಷ್ಟೋ ದಿನ ಮದುವೆಮನೆಗಳ ಮಾತಾಗಿತ್ತು.

ಆ ಪ್ಯಾಂಟನ್ನು ಹೊಲಿಸಿಕೊಟ್ಟವನು ದೊಡ್ಡಪ್ಪನೇ. ಹರಿಹರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಅವನಿಗೆ ಚಳಿಯೆಂದರೆ ಆಗದು, ಸಂಕ್ರಾಂತಿಯ ಹೊತ್ತಿನಲ್ಲಿ ಫ್ಯಾನ್ ಹಾಕಿದರೂ ಕಿವಿಗೆ ಬಟ್ಟೆ ಸುತ್ತಿಕೊಳ್ಳುವ ಮನುಷ್ಯ. ಕರೆದರೆ, ಇರೋ ಬಿಸಿಲು ಬಿಟ್ಟು ಮೈ ನಡುಗ್ಸಿಕೊಳ್ಳೋಕೆ ಅಷ್ಟು ದೂರ ಯಾಕೆ ಎನ್ನುತ್ತಿದ್ದ. ಆದರೆ ಪ್ರತಿಸಲವೂ ಸ್ಟೇಷನ್ನಿಗೆ ಬಂದು, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಚೀಲವನ್ನು ಸೀಟಿನ ಕೆಳಗೆ ತಾನೇ ತೂರಿಸಿ, ರೈಲು ಹೊರಡುವ ತನಕ ನಿಲ್ಲುತ್ತಿದ್ದ.

ನಾನು ಈ ಕತೆಯೊಳಗೆ ಬಂದದ್ದು ಮುರಿದ ಕಾಲಿನಿಂದ. ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಒಂದು ಜಿಟಿಜಿಟಿ ಮಳೆಯ ಸಂಜೆ ಮನೆಗೆ ಹೊರಟಾಗ ಸ್ಕೂಟರ್ ಜಾರಿ ಎಡಪಾದದ ಕೀಲು ಮುರಿಯಿತು. ಪ್ಲೇಟು ಹಾಕಿದರು. ಮೂಳೆ ಕೂಡಿತು, ಡಾಕ್ಟರು ಇನ್ನು ಓಡಬಹುದು ಎಂದರು. ನಾನು ಮಾತ್ರ ಗೋಡೆ ಹಿಡಿದು ನಡೆಯುವುದನ್ನು ಬಿಡಲಿಲ್ಲ. ಆಟೋ ಇಲ್ಲದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಮಹಡಿಯ ಮೇಲೆ ಊಟವಿದ್ದರೆ ಮದುವೆಗೇ ಹೋಗುತ್ತಿರಲಿಲ್ಲ. ಗಂಡನೂ ಮನೆಯವರೂ ಬಹಳ ಒಳ್ಳೆಯವರು, ಕೂತಲ್ಲಿಗೇ ಎಲ್ಲವನ್ನೂ ತಂದುಕೊಟ್ಟರು. ನಾನು ಕೂತೇ ಇದ್ದೆ. ಹಾಗೆ ಎರಡು ವರ್ಷಕ್ಕೆ ಬಂತು.

ಒಂದು ದಿನ ದೊಡ್ಡಮ್ಮ ಲ್ಯಾಬಿನ ಹತ್ತಿರ ಬಂದಿದ್ದಳು. ನಾನು ರಸ್ತೆ ದಾಟಲಾಗದೆ ಬಸ್ಸು, ಆಟೋ, ಸೈಕಲ್ಲು ಎಲ್ಲ ಹೋಗಲೆಂದು ಕಾಯುತ್ತ ನಿಂತದ್ದನ್ನು ಎದುರಿನ ಫುಟ್‌ಪಾತಿನಿಂದ ನೋಡಿದಳು. ಆಮೇಲೊಂದು ದಿನ ಫೋನ್ ಮಾಡಿ, ಈ ಸಲ ಮನಾಲಿಗೆ ನಿನ್ನದೂ ಟಿಕೆಟ್ ಮಾಡ್ಸೀನಿ, ಸ್ವೆಟರ್ ತಗೋ ಎಂದಳು. ಕೂಡಿದ ಕಾಲನ್ನು ಮತ್ತೆ ಮುರಿಸೋದಕ್ಕೆ ಕರ್ಕೊಂಡು ಹೊಂಟಿಯಾ ಎಂದು ಅಮ್ಮ ಜಗಳಕ್ಕೇ ನಿಂತಳು. ದೊಡ್ಡಮ್ಮ ವಾದ ಮಾಡದೆ ನಮ್ಮಿಬ್ಬರನ್ನೂ ಮತ್ತೆ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರು ಕಾಲು ಗಟ್ಟಿಯಾಗಿದೆ ಎಂದು ಹೇಳಿದ್ದನ್ನು ಅಮ್ಮನ ಕಿವಿಗೇ ಕೇಳಿಸಿದಳು.

ಮನಾಲಿಯ ಬಾಡಿಗೆ ಅಂಗಡಿಯಲ್ಲಿ ಬೂಟುಗಳನ್ನು ಜೋಳದ ರಾಶಿಯ ಹಾಗೆ ಸುರಿದಿದ್ದರು. ಹಿಮದ ಬೂಟೆಂದರೆ ಪ್ಲಾಸ್ಟಿಕ್ಕಿನ ಗಡುಸು ಚಿಪ್ಪು, ಒಳಗೆ ಮೆತ್ತೆ, ಹೊರಗೆ ಕೊಕ್ಕೆಗಳು. ಅದು ಹಲಗೆಗೆ ಕಚ್ಚಿಕೊಂಡಿರುತ್ತದೆ, ಕಾಲು ತಿರುಗಿದರೆ ಹಲಗೆಯೂ ತಿರುಗಬೇಕು. ನನಗೆ ಅದಾವುದೂ ಗೊತ್ತಿರಲಿಲ್ಲ. ಉಣ್ಣೆಯ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಎಲ್ಲೂ ಒತ್ತದ ದೊಡ್ಡ ಬೂಟನ್ನು ಆರಿಸಿಕೊಂಡೆ. ದಿಂಬಿನೊಳಗೆ ಕಾಲಿಟ್ಟ ಹಾಗೆ ಹಾಯಾಗಿತ್ತು. ದೊಡ್ಡಮ್ಮನೂ ಯಾವತ್ತಿನಂತೆ ತನ್ನ ಮೀನಖಂಡ ಹಿಡಿಸುವ ದೊಡ್ಡ ಜೋಡಿಯನ್ನೇ ಎತ್ತಿಕೊಂಡಳು.

ಇಳಿಜಾರಿನ ಮೇಲೆ ನಿಂತಾಗ ಹಾಯೆಲ್ಲ ಹೋಯಿತು. ಕಾಲು ತಿರುಗಿಸಿದರೆ ಕಾಲು ಬೂಟಿನೊಳಗೇ ತಿರುಗುತ್ತಿತ್ತು, ಹಲಗೆ ತನ್ನ ಪಾಡಿಗೆ ನೆಟ್ಟಗೆ ಓಡುತ್ತಿತ್ತು. ಕೊಕ್ಕೆ ಬಿಗಿದರೆ ಪ್ಲೇಟು ಹಾಕಿದ ಕೀಲಿನ ಮೂಳೆಗೆ ಚಿಪ್ಪು ಒತ್ತಿ ಜೀವ ಹೋಗುತ್ತಿತ್ತು. ಮಕ್ಕಳು ಆಡುವ ಇಳಿಜಾರಿನಲ್ಲೇ ಬಿದ್ದೆ. ಎದ್ದು ಮತ್ತೆ ಬಿದ್ದೆ. ಆಮೇಲೆ ಏಳಲಿಲ್ಲ. ದೊಡ್ಡಮ್ಮ ಹತ್ತಿರ ಬಂದಾಗ, ಈ ಕಾಲು ಇನ್ನು ನನ್ನ ಮಾತು ಕೇಳಲ್ಲ, ನನ್ನನ್ನು ರೂಮಿಗೆ ಕಳಿಸು ಎಂದೆ.

ಅವಳು ಹಿಮದಲ್ಲಿ ಮಂಡಿಯೂರಿ ನನ್ನ ಬೂಟಿನ ಕೊಕ್ಕೆಗಳನ್ನು ಸಡಿಲಿಸಿ, ಹಿಮ್ಮಡಿಯ ಹಿಂದೆ ಕೈ ತೂರಿಸಿದಳು. ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು.

“ನಿನ್ನ ಕಾಲು ಮಾತು ಕೇಳ್ತೈತೆ,” ಎಂದಳು. “ಕೇಳ್ದಿರೋದು ಈ ಬೂಟು.”

ಆಮೇಲೆ ನನ್ನ ಪಕ್ಕದಲ್ಲೇ ಕೂತು, ತನ್ನ ಬೂಟನ್ನೂ ಹಾಗೇ ಕೈ ಹಾಕಿ ನೋಡಿಕೊಂಡಳು. ಇಷ್ಟು ವರ್ಷ ಇಳಿಯುವಾಗೆಲ್ಲ ಅವಳ ಪಾದ ಆ ದೊಡ್ಡ ಚಿಪ್ಪಿನೊಳಗೆ ಮುಂದೆ ಜಾರಿ ಹೆಬ್ಬೆರಳು ಗೋಡೆಗೆ ಗುದ್ದುತ್ತಿತ್ತು. ಉಗುರು ಕಪ್ಪಾಗುತ್ತಿದ್ದುದು ಅದಕ್ಕೆ. “ನನ್ನ ಉಗುರು ಹೋದ್ರೆ ಹೋಗ್ಲಿ ಬಿಡು ಅಂತ ಸುಮ್ನಿದ್ದೆ,” ಎಂದಳು. “ನಿನ್ನ ಕಾಲು ಕಂಡ್ ಮ್ಯಾಲೆ ಸುಮ್ನಿರಾಕ ಆಗಲ್ಲ.”

ಮಧ್ಯಾಹ್ನ ಅಲ್ಲಿಲ್ಲಿ ವಿಚಾರಿಸಿ, ಕಾಲಿಗೆ ತಕ್ಕ ಹಾಗೆ ಬೂಟು ಹೊಂದಿಸಿಕೊಡುವ ಅಂಗಡಿಯೊಂದನ್ನು ಪೇಟೆಯಲ್ಲಿ ಪತ್ತೆ ಮಾಡಿದಳು. ನಡೆಸುತ್ತಿದ್ದವಳು ಹಿಂದೆ ಸ್ಪರ್ಧೆಗಳಲ್ಲಿ ಸ್ಕೀ ಮಾಡಿದ್ದ, ನಡುವಯಸ್ಸಿನ ಹೆಂಗಸು. ಇಬ್ಬರನ್ನೂ ಕೂರಿಸಿ ಪಾದದ ಉದ್ದ, ಅಗಲ, ಮೀನಖಂಡದ ಸುತ್ತು ಎಲ್ಲ ಅಳೆದಳು. ಉಣ್ಣೆಯ ಕಾಲುಚೀಲಗಳನ್ನು ಬಿಚ್ಚಿಸಿ ತೆಳ್ಳಗಿನ ಒಂದೇ ಜೊತೆ ಕೊಟ್ಟಳು. ಕೊಡುವ ಮೊದಲು ನಮ್ಮ ಕಾಲುಂಗುರ ತೋರಿಸಿ, ಇವು ಒಳಗೆ ಇದ್ದರೆ ಬೆರಳು ಊದುತ್ತದೆ, ತೆಗೆಯಲೇಬೇಕು ಎಂದಳು.

ನಾನು ದೊಡ್ಡಮ್ಮನ ಮುಖ ನೋಡಿದೆ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವ ಮಾತನ್ನು ನಮ್ಮಲ್ಲಿ ಬಾಯಲ್ಲಿ ಆಡುವುದೂ ಇಲ್ಲ. ಅವಳ ಬೆಳ್ಳಿಯುಂಗುರಗಳಂತೂ ಮದುವೆಯಾದಾಗಿನಿಂದ ಕದಲಿರಲಿಲ್ಲ, ಬೆರಳಲ್ಲೇ ಹೂತುಹೋದ ಹಾಗಿದ್ದವು. ಅವಳು ದೊಡ್ಡಪ್ಪನಿಗೆ ಫೋನ್ ಹಚ್ಚಿದಳು. ಅಪ್ಪಣೆ ಕೇಳಲಿಲ್ಲ, ಹೀಗ್ಹೀಗೆ ತೆಗಿತೀನಿ ಎಂದು ತಿಳಿಸಿದಳು. ಆ ಕಡೆ ಪಂಪಿನ ಸದ್ದು ಕೇಳುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿದ್ದರೇನೋ, ದೊಡ್ಡಪ್ಪ ಚುಟುಕಾಗಿ ಹೇಳಿದ: “ತೆಗೀರಿ ಮತ್ತೆ. ಕಾಲು ನೆಟ್ಟಗಿದ್ರೆ ಉಂಗುರ ಊರಿಗೆ ಬಂದು ಹಾಕ್ಕೆಂಡ್ರಾತು.”

ಸೋಪಿನ ನೀರು ಹಚ್ಚಿ, ತಿರುವಿ ತಿರುವಿ, ಅಂಗಡಿಯವಳೂ ಕೈಹಾಕಿ ಎಳೆದ ಮೇಲೆ ಅವು ಹೊರಬಂದವು. ಕರ್ಚೀಫಿನ ತುದಿಗೆ ಕಟ್ಟಿ ಸ್ವೆಟರಿನೊಳಗೆ ಇಟ್ಟುಕೊಂಡಳು. ನಾನೂ ನನ್ನವನ್ನು ತೆಗೆದೆ.

ಅಂಗಡಿಯವಳು ಒಳಗಿನ ಮೆತ್ತೆ ಹೊರತೆಗೆದು, ಬರೀ ಚಿಪ್ಪಿನಲ್ಲಿ ನನ್ನ ಪಾದ ಇಡಿಸಿ, ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತದೆ ಎಂದು ನೋಡಿದಳು. ಎರಡು ಬೆರಳು ಹಿಡಿಸುವಷ್ಟು ಸಾಕಂತೆ. ಮೆತ್ತೆ ಹಾಕಿ ನಿಲ್ಲಿಸಿದಾಗ ಬೂಟು ಮುಷ್ಟಿಯ ಹಾಗೆ ಬಿಗಿಯಾಗಿತ್ತು, ಬೆರಳ ತುದಿ ಮುಂದಿನ ಗೋಡೆಗೆ ತಾಗುತ್ತಿತ್ತು. ಚಿಕ್ಕದಾಯಿತು ಎಂದೆ. ಮೊಣಕಾಲು ಮುಂದಕ್ಕೆ ಬಾಗಿಸು ಎಂದಳು. ಬಾಗಿಸಿದೊಡನೆ ಹಿಮ್ಮಡಿ ಹಿಂದೆ ಸರಿದು ಕೂತು, ಬೆರಳುಗಳು ಬಿಡಿಸಿಕೊಂಡವು. ಕಾಲು ಮತ್ತು ಬೂಟು ಒಂದೇ ಆದ ಹಾಗಾಯಿತು.

ಎಲ್ಲಾದರೂ ನೋಯುತ್ತದೆಯೇ ಎಂದು ಅವಳು ಕೇಳಿದಳು. ನಾನು ಪರವಾಗಿಲ್ಲ ಎಂದೆ. ಆ ಪದ ಅಷ್ಟು ಹೊತ್ತಿಗೆ ನನ್ನ ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು. ಅಂಗಡಿಯವಳು ಸಾಮಾನು ಎತ್ತಿಡಲು ಹೊರಟಳು. ದೊಡ್ಡಮ್ಮ ಅವಳನ್ನು ತಡೆದು, ನನ್ನ ಎದುರು ಸ್ಟೂಲು ಎಳೆದುಕೊಂಡು ಕೂತಳು.

“ಅರ್ಥ ಆತು ಮೇಡಂ ಅನ್ನೋ ಹುಡ್ರ ಮುಖ ಜೀವಮಾನ ಪೂರ್ತಿ ನೋಡೀನಿ. ಈಗ ನಿನ್ನ ಮುಖ ಹಂಗೇ ಐತೆ. ಪರವಾಗಿಲ್ಲ ಅನ್ಬ್ಯಾಡ. ಎಲ್ಲಿ ನೋಯ್ತೈತೆ ಅದನ್ನ ಹೇಳು.”

ಕೀಲಿನ ಹೊರಮೈ ತೋರಿಸಿದೆ. ಇಲ್ಲಷ್ಟೇನಾ ಎಂದಳು. ಅದರ ಕೆಳಗೂ ಎಂದೆ. ಮತ್ತೆ? ಮೆಟ್ಟಿಲು ಇಳಿಯುವಾಗ ಇನ್ನೂ ಚುಚ್ಚುತ್ತದೆ ಎಂದೆ. ಚಳಿಯಲ್ಲಿ ಹಿಡಿದುಕೊಳ್ಳುತ್ತದೆ, ಸ್ಕೂಟರಿನ ಸದ್ದು ಕೇಳಿದರೆ ಈಗಲೂ ಗೋಡೆಗೆ ಸರಿಯುತ್ತೇನೆ, ಎಲ್ಲರೂ ಇಷ್ಟು ಮಾಡುತ್ತಿರುವಾಗ ಇನ್ನೂ ನೋವೆಂದು ಯಾರಿಗೆ ಹೇಳಲಿ ಎಂದೆ. ಅಲ್ಲಿ ಕೂತು ಅತ್ತುಬಿಟ್ಟೆ. ಕನ್ನಡ ಬಾರದ ಆ ಹೆಂಗಸು ಚಹಾ ತರಿಸಿದಳು. ದೊಡ್ಡಮ್ಮ ನಾನು ಹೇಳಿದ್ದರಲ್ಲಿ ಬೂಟಿಗೆ ಸಂಬಂಧಪಟ್ಟಷ್ಟನ್ನು ಆರಿಸಿ ಹಿಂದಿಯಲ್ಲಿ ಹೇಳಿದಳು. ಉಳಿದದ್ದನ್ನು ತಾನಿಟ್ಟುಕೊಂಡಳು. ಅಂಗಡಿಯವಳು ಚಿಪ್ಪನ್ನು ಬಿಸಿಮಾಡಿ, ಕೀಲು ತಾಗುವಲ್ಲಿ ಒಳಗಿನಿಂದ ಒತ್ತಿ ಉಬ್ಬಿಸಿದಳು. ಹಾಕಿ ನೋಡಿ, ತೆಗೆದು, ಮತ್ತೆ ಒತ್ತಿಸಿ, ಚಿಪ್ಪು ಎಲುಬಿಗೆ ತಾಗುವುದು ನಿಲ್ಲುವ ತನಕ ದೊಡ್ಡಮ್ಮ ಏಳಗೊಡಲಿಲ್ಲ.

ಆವತ್ತು ಇಬ್ಬರಿಗೂ ಬೂಟು ಕೊಂಡಳು. ವರ್ಷಕ್ಕೊಂದು ವಾರ ಹೋಗೋರಿಗೆ ಸ್ವಂತ ಬೂಟು ಯಾಕೆ ಎಂದು ಅಮ್ಮ ಊರಿನಲ್ಲಿ ಕೇಳಿದಾಗ, ದಿನಾ ಹೋಗೋರ ಕಾಲು ಒಗ್ಗಿರುತ್ತದೆ, ಅಪರೂಪಕ್ಕೆ ಹೋಗೋರಿಗೇ ಸರಿಯಾದ್ದು ಬೇಕು ಎಂದಳು. ಹಲಗೆ ಯಾರದಾದರೂ ನಡೀತೈತೆ, ಬೂಟು ನಡಿಯಲ್ಲ ಎಂಬುದು ಅವಳ ಹೊಸ ಗಾದೆಯಾಯಿತು.

ಮೆತ್ತೆ ಕಾಲಿಗೆ ಕೂರಲೆಂದು ಮನೆಯಲ್ಲೂ ಆಗಾಗ ಹಾಕಿಕೊಳ್ಳಬೇಕಿತ್ತು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ, ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ನೈಟಿಯ ಕೆಳಗೆ ಹಿಮದ ಬೂಟು ತೊಟ್ಟು ನಾನು ಪಲ್ಯಕ್ಕೆ ಹೆಚ್ಚುತ್ತಿದ್ದೆ. ದಡಬಡ ಸದ್ದಿಗೆ ಪಕ್ಕದ ಮನೆಯ ಯಜಮಾನರು ಬಂದು, ನನ್ನ ಕಾಲು ನೋಡಿ, ಬಂದ ಕೆಲಸ ಮರೆತು ಹೋದರು. ಹರಿಹರದಲ್ಲಿ ದೊಡ್ಡಮ್ಮ ಅದನ್ನೇ ತೊಟ್ಟು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳಂತೆ. ಭಾನುವಾರ ಬಂದರೆ ಅವಳ ಫೋನು, ಹಾಕ್ಕಂಡೀಯೇನು ಎಂದು.

ಮುಂದಿನ ಚಳಿಗಾಲ ಅದೇ ಇಳಿಜಾರಿನಲ್ಲಿ ನಾನು ತಿರುವಿದ ಕಡೆ ಹಲಗೆ ತಿರುಗಿತು. ಕಾಲು ಮಾತು ಕೇಳುತ್ತಿದೆ ಎಂಬುದು ಮೊದಲು ಪಾದಕ್ಕೆ, ಆಮೇಲೆ ನನಗೆ ತಿಳಿಯಿತು. ಕೆಳಗೆ ಕಾಯುತ್ತಿದ್ದ ದೊಡ್ಡಮ್ಮ ಚಪ್ಪಾಳೆ ತಟ್ಟಲಿಲ್ಲ, ಇನ್ನೂ ಮ್ಯಾಲಿಂದ ಬರೋಣ ನಡಿ ಎಂದಳು. ಆ ವರ್ಷದ ಯುಗಾದಿಯ ಹೊತ್ತಿಗೆ ನಾನು ಮತ್ತೆ ಸ್ಕೂಟರ್ ಹತ್ತಿದೆ. ಯಾರ ಹೆಗಲನ್ನೂ ಹಿಡಿಯದೆ ಮಹಡಿಯ ಮೇಲಿನ ಮದುವೆಯೂಟ ಉಂಡುಬಂದೆ. ಇದನ್ನೆಲ್ಲ ಅವಳಿಗೆ ಹೇಳಿದರೆ, ಅದಕ್ಕೇನು ವಿಶೇಷ ಎನ್ನುವ ಹಾಗೆ ಬೇರೆ ಮಾತಿಗೆ ಹೊರಳುತ್ತಿದ್ದಳು.

ನಾವಿಬ್ಬರೂ ಕೂಡಿ ಎಷ್ಟೋ ಚಳಿಗಾಲ ಹೋಗಿಬಂದೆವು. ಹೋದ ಮಳೆಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗಲಿಲ್ಲ. ಮಾತು ನಿಂತಿತ್ತು. ನಾನು ಅವಳ ಮುಖ ನೋಡುತ್ತ, ತಲೆಯೋ, ಬೆನ್ನೋ, ಕೈಯೋ ಎಂದು ಒಂದೊಂದೇ ಹೆಸರು ಹೇಳುತ್ತ ಹೋಗುತ್ತಿದ್ದೆ. ಸರಿಯಾದ್ದಕ್ಕೆ ಬಂದಾಗ ರೆಪ್ಪೆ ಮುಚ್ಚುತ್ತಿದ್ದಳು, ನಾನು ಅಲ್ಲಿ ನೀವುತ್ತಿದ್ದೆ. ನನಗೆ ಅವಳು ಮಾಡಿದ್ದರಲ್ಲಿ ತಿರುಗಿ ಕೊಡಲು ಸಿಕ್ಕಿದ್ದು ಅಷ್ಟೇ. ಅವಳನ್ನು ನಂದಿಗುಡಿಯ ಹೊಲದಲ್ಲಿ ಮಣ್ಣು ಮಾಡಿದೆವು.

ಜನವರಿಯಲ್ಲಿ ದೊಡ್ಡಪ್ಪ ತಾನೇ ಫೋನ್ ಮಾಡಿದ. ಈ ಸಲ ಹೊಂಟೀಯೇನು ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹೋಗೋದಾದ್ರೆ ನಾನೂ ಬರ್ತೀನಿ ಎಂದ.

ಮನಾಲಿಯಲ್ಲಿ ಅವನಿಗೆ ಬಾಡಿಗೆಯ ದೊಡ್ಡ ಕೋಟು, ರಬ್ಬರಿನ ಬೂಟು ತೊಡಿಸಿ, ಮಂಕಿಟೋಪಿಯ ಮೇಲೊಂದು ಶಾಲು ಸುತ್ತಿ ಇಳಿಜಾರಿನ ಬುಡದಲ್ಲಿ ಕುರ್ಚಿ ಹಾಕಿಸಿದೆ. ನಡುಗುತ್ತಲೇ ಕೂತ. ಅವಳು ಎಲ್ಲಿಂದ ಇಳೀತಿದ್ಲು ಎಂದು ಕೇಳಿದ. ದೂರದಲ್ಲಿ ದೇವದಾರು ಮರಗಳು ಮುಗಿಯುವ ಜಾಗ ತೋರಿಸಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಅತ್ತಲೇ ನೋಡಿದ.

“ಅಷ್ಟು ಮ್ಯಾಲಿಂದಾ,” ಎಂದ. “ನನಗೆ ಹೇಳೇ ಇರಲಿಲ್ಲ ನೋಡು.”

ನಾನು ಮೇಲೆ ಹೋಗಿ ಅಲ್ಲಿಂದ ಇಳಿದೆ. ಅವಸರ ಮಾಡದೆ, ಅವಳ ಹಾಗೇ ಅಗಲವಾಗಿ ತಿರುವು ತೆಗೆದುಕೊಳ್ಳುತ್ತ, ಅವನ ಕುರ್ಚಿಯ ಮುಂದೆ ಬಂದು ನಿಂತೆ. ಅವನ ಕಣ್ಣಿಂದ ನೀರು ಇಳಿದು ಶಾಲಿನ ಅಂಚು ಒದ್ದೆಯಾಗಿತ್ತು. ಚಳಿ ಹೆಚ್ಚಾಯಿತೇ, ರೂಮಿಗೆ ಹೋಗೋಣವೇ ಎಂದು ಕೇಳಿದೆ.

“ಬ್ಯಾಡ,” ಎಂದ ದೊಡ್ಡಪ್ಪ. “ಇನ್ನೊಂದ್ಸಲ ಇಳಿದು ತೋರ್ಸು.”

ನಾನು ಮತ್ತೆ ಮೇಲೆ ಹೋದೆ.