ನಾಲ್ಕನೇ ತುಣುಕು

ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಅದಕ್ಕೆ ಮೊದಲು ಹತ್ತು ವರ್ಷ ಬಾಯಿ, ದವಡೆ, ಕುತ್ತಿಗೆಯ ಕ್ಯಾನ್ಸರಿಗೆ ಆಪರೇಷನ್ ಮಾಡುವುದು ನನ್ನ ಕೆಲಸವಾಗಿತ್ತು. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೊಬ್ಬಳೇ. ಕಬ್ಬಿನ ಗದ್ದೆಯಿಂದ ಆಪರೇಷನ್ ಥಿಯೇಟರಿನವರೆಗೆ ಒಂದೊಂದು ಮೆಟ್ಟಿಲನ್ನೂ ಕಷ್ಟಪಟ್ಟೇ ಹತ್ತಿದ್ದೇನೆ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಂಥ ಕೆಲಸ ಬಿಟ್ಟಿದ್ದು ಒಂದು ಪ್ರಶ್ನೆಯಿಂದ. ಹೊಣಕೆರೆ ಕಡೆಯ ರೋಗಿಯೊಬ್ಬರು, ನಮ್ಮವ್ವನ ವಯಸ್ಸಿನವರು, ಎಲೆಅಡಿಕೆ, ತಂಬಾಕಿನ ಕಡ್ಡಿಪುಡಿಯನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ನಾಟಿ, ಕಳೆ ಎಲ್ಲ ಮಾಡಿದವರು. ಅವರ ಕೆನ್ನೆಯ ಗಡ್ಡೆಯನ್ನು ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ಅಗಲವಾಗಿ ತೆಗೆದಿದ್ದೆ. ಅಂಚಿನಲ್ಲಿ ರೋಗ ಉಳಿದಿಲ್ಲ ಎಂದು ರಿಪೋರ್ಟೂ ಬಂತು. ಎಂಟೇ ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಗಡ್ಡೆ.

"ಎಲ್ಲಾ ತಗ್ದ್ಬುಟ್ಟೆ ಅಂದಿದ್ರಲ್ಲ ಡಾಕ್ಟ್ರವ್ವ, ಇದು ಇಷ್ಟು ದಿನ ಎಲ್ಲಿತ್ತು?"

ಅವರು ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯಬೇಕೆಂದು ಕೇಳಿದ್ದು. ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ಸಲ ಕತ್ತರಿಸುವುದು ಗೊತ್ತಿತ್ತು, ಅಷ್ಟೆ. ಆ ಪ್ರಶ್ನೆಯನ್ನೇ ವಿಷಯ ಮಾಡಿಕೊಂಡು ಮೈಸೂರಿನ ಒಂದು ಲ್ಯಾಬಿಗೆ ಪಿಎಚ್‌ಡಿಗೆ ಸೇರಿದೆ.

ಪಾಂಡವಪುರದ ಪಕ್ಕದ ನಮ್ಮೂರಲ್ಲಿ ಅಪ್ಪನದು ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ. ಅಲ್ಲಿ ಕೂತಿದ್ದ ಅವರ ಗೆಳೆಯರೊಬ್ಬರು ನನ್ನೆದುರಿಗೇ ಕೇಳಿದರು: "ಏನ್ಲಾ, ಡಾಕ್ಟ್ರಾಗಿದ್ದೋಳು ಮತ್ತೆ ಇಸ್ಕೂಲಿಗೆ ಸೇರ್ಕಂಡವ್ಳಂತೆ ನಿನ್ ಮಗ್ಳು. ಫೇಲ್ ಆಗಿದ್ಲಾ?"

"ಇಲ್ಲ ಕಣ್ಲಾ," ಅಪ್ಪ ಕೊಪ್ಪರಿಗೆಯಿಂದ ಕಣ್ಣು ತೆಗೆಯಲಿಲ್ಲ. "ಪಾಸಾಗೋದು ಚಟ ಆಗೋಗದೆ ಅವ್ಳಿಗೆ."

ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವಳು ಕೆ.ಆರ್. ಪೇಟೆಯವಳು. ನನಗಿಂತ ಹದಿಮೂರು ವರ್ಷ ಚಿಕ್ಕವಳಾದರೂ ಅಲ್ಲಿ ನನಗೆ ಸೀನಿಯರ್. ನನ್ನ ಕೆಲಸ ಹೀಗೆ: ಸೋಮವಾರ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಆಪರೇಷನ್ನಿನ ದಿನ, ರೋಗಿಯ ಒಪ್ಪಿಗೆ ಪಡೆದು ಅಲ್ಲಿಂದ ಗಡ್ಡೆಯ ಒಂದು ತುಣುಕು ತರಬೇಕು, ಅದರ ಜೀವಕೋಶಗಳನ್ನು ಬಿಡಿಸಿ, ಗುಲಾಬಿ ಬಣ್ಣದ ಆಹಾರದ ದ್ರವ ಹಾಕಿ ಪ್ಲೇಟಿನಲ್ಲಿ ಬೆಳೆಸಬೇಕು. ಅವು ಬೆಳೆದರೆ ತಾನೇ ಯಾವ ಜೀವಕೋಶ ಹೇಗೆ ಬಚ್ಚಿಟ್ಟುಕೊಳ್ಳುತ್ತದೆ ಎಂದು ನೋಡುವುದು? ಮೊದಲನೇ ತುಣುಕು ಮೂರನೇ ದಿನಕ್ಕೆ ಮಬ್ಬಾಯಿತು. ಎರಡನೇದೂ ಹಾಗೇ. ಮೂರನೇದೂ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೊಳೆಯುವ ಸಣ್ಣ ಮಣಿಗಳ ಸರ. ಯೀಸ್ಟ್. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಜಾತಿಯದು ನನ್ನ ಪ್ಲೇಟಿನಲ್ಲಿ ಹಬ್ಬ ಮಾಡುತ್ತಿತ್ತು.

ಗೈಡ್ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. "ನಾಲ್ಕನೇದು ಕೊನೇದು ಡಾಕ್ಟ್ರೇ. ಅದೂ ಹೋದ್ರೆ ಮುಂದಿನ ತಿಂಗಳು ಕಮಿಟಿಗೆ ಬೇರೆ ವಿಷಯ ಕೊಡಬೇಕಾಗ್ತದೆ."

ಬೇರೆ ವಿಷಯವೆಂದರೆ ಬೇರೆಯವರು ಕೂಡಿಹಾಕಿದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಜಾಲಾಡುವುದು. ಡಿಗ್ರಿ ಸಿಗುತ್ತಿತ್ತು. ನಾನು ಕೆಲಸ ಬಿಟ್ಟು ಬಂದ ಪ್ರಶ್ನೆ ಕೈಬಿಟ್ಟುಹೋಗುತ್ತಿತ್ತು.

ಅವತ್ತು ಮಧ್ಯಾಹ್ನ ಸೀನಿಯರ್ ನನ್ನ ನೋಟ್‌ಬುಕ್ ತಿರುವಿಹಾಕುತ್ತಾ, "ಮೇಡಂ, ಭಾನುವಾರ ಎಲ್ಲಿರ್ತೀರಾ?" ಅಂದಳು.

"ಊರಲ್ಲಿ."

"ಊರಲ್ಲಿ ಏನ್ ಮಾಡ್ತೀರಾ?"

"ಆಲೆಮನೇಲಿ ಅಪ್ಪನ ಜೊತೆ ಕೂತಿರ್ತೀನಿ. ಸೋಮವಾರ ಬೆಳಗ್ಗೆ ರೈಲಿಗೆ ಹೋಗೋವಾಗ್ಲೂ ಅಲ್ಲೊಂದ್ಗಳಿಗೆ ನಿಂತು ಹಾಲು ಕುಡಿದೇ ಬರೋದು."

ಕಬ್ಬಿನ ರಸಕ್ಕೆ ನಮ್ಮಲ್ಲಿ ಹಾಲು ಅನ್ನುತ್ತೇವೆ. ಆಲೆ ಆಡುವಾಗ ಆ ದಾರಿಯಲ್ಲಿ ಹೋಗುವವರು ಒಂದು ಲೋಟ ಹಾಲು ಕುಡಿಯದೆ ಮುಂದೆ ಹೋದರೆ ಆಲೆಮನೆಯವರಿಗೆ ಅವಮಾನ. ಮಗಳಿಗೂ ಅದೇ ನಿಯಮ.

ಅವಳು ನೋಟ್‌ಬುಕ್ ಮುಚ್ಚಿದಳು. "ನಮ್ಮೂರಲ್ಲೂ ಆಲೆಮನೆ ಅದೆ ಮೇಡಂ. ನಂಗೇ ಹೊಳೀಲಿಲ್ವಲ್ಲ. ಕಬ್ಬಿನ ಸಿಪ್ಪೆ, ರಸ, ನೊರೆ ಎಲ್ಲದ್ರಲ್ಲೂ ಯೀಸ್ಟೇ."

"ನಾನು ಮೊಳಕೈವರೆಗೂ ತಿಕ್ಕಿ ತೊಳೀತೀನಿ ಕಣಮ್ಮ. ಹತ್ತು ವರ್ಷ ತೊಳೆದಿರೋ ಕೈ ಇದು."

"ಕೈ ಬಿಡಿ. ಜಡೆ?"

ಥಿಯೇಟರಿನಲ್ಲಾದರೆ ಮೈಮೇಲಿನ ಬಟ್ಟೆಯನ್ನೇ ಬದಲಾಯಿಸುತ್ತೇವೆ, ಕೂದಲು ಟೋಪಿಯೊಳಗೆ ಹೋಗುತ್ತದೆ. ಲ್ಯಾಬಿನಲ್ಲಿ ರೈಲಿನಿಂದ ಇಳಿದ ಸ್ವೆಟರಿನ ಮೇಲೇ ಕೋಟು ಹಾಕಿಕೊಂಡು ಕೂರುತ್ತಿದ್ದೆ. ಕೈಗೆ ಕಲಿಸಿದ್ದ ಮಡಿ ಮೈಗೆ ಕಲಿಸಿರಲಿಲ್ಲ.

ಮುಂದಿನ ಸೋಮವಾರ ಬೇಕೆಂದೇ ಎಂದಿನಂತೆ ಆಲೆಮನೆಯಿಂದ ನೇರ ಬಂದೆ. ಯೀಸ್ಟ್ ಬೆಳೆಯುವ ಮೂರು ಪ್ಲೇಟುಗಳನ್ನು ಅವಳು ಸಿದ್ಧ ಮಾಡಿದ್ದಳು. ಒಂದಕ್ಕೆ ತೊಳೆದ ಬೆರಳು ಒತ್ತಿದೆ, ಒಂದಕ್ಕೆ ಜಡೆಯ ತುದಿ, ಒಂದಕ್ಕೆ ಸ್ವೆಟರಿನ ತೋಳು. ಬುಧವಾರ ತೆಗೆದು ನೋಡಿದರೆ ಬೆರಳಿನ ಪ್ಲೇಟು ಹೆಚ್ಚುಕಡಿಮೆ ಖಾಲಿ. ಉಳಿದೆರಡರಲ್ಲೂ ಮೊಸರಿನ ಹನಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿಗಳು.

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ನಿಂತಲ್ಲಿ ನಿಲ್ಲಲಾಗದಷ್ಟು ಖುಷಿ. ಜೀವನದಲ್ಲಿ ಮೊದಲ ಸಲ ನಾನೇ ಒಂದು ಪ್ರಶ್ನೆ ಕೇಳಿ, ಪುಸ್ತಕದಿಂದಲ್ಲ, ಮೇಷ್ಟ್ರಿಂದಲ್ಲ, ಒಂದು ಪ್ಲೇಟಿನಿಂದ ಉತ್ತರ ಪಡೆದಿದ್ದೆ. ಕಾರಿಡಾರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ.

ಅಪ್ಪನಿಗೆ ಹೇಳುವುದು ಕಷ್ಟವಾಯಿತು. ಆ ಭಾನುವಾರ ಆಲೆಮನೆಗೆ ಬರುವುದಿಲ್ಲ, ಊರಿಗೇ ಬರುವುದಿಲ್ಲ ಎಂದು ಫೋನ್ ಮಾಡಿದೆ. ಕಾರಣವನ್ನೂ ಹೇಳಿದೆ.

"ಅಂಗಾದ್ರೆ ನಮ್ ಆಲೆಮನೆ ಗಲೀಜು ಅಂತಾನಾ?"

"ಗಲೀಜಲ್ಲ ಕಣಪ್ಪ. ಕಣ್ಣಿಗೆ ಕಾಣದ್ದೇನೋ ಅಲ್ಲಿಂದ ನನ್ ಜೊತೆ ಬರ್ತದೆ. ಹೆಪ್ಪು ಬಿದ್ದಂಗೆ ಎಲ್ಲಾನೂ ಹುಳಿ ಮಾಡ್ಬುಡ್ತದೆ."

"ಹಾಲು ಮಧ್ಯಾಹ್ನದಗಂಟ ಇಟ್ರೆ ಹುಳಿ ಬಂದು ಬೆಲ್ಲ ಕಟ್ಟಲ್ವಲ್ಲ, ಅದಾ?"

"ಅದೇ."

"ಅದ್ಕೇ ಅಲ್ವಾ ನಾವು ದಿನಾ ಡ್ರಮ್ಮು ತೊಳ್ದು ಸುಣ್ಣದ ನೀರು ಹಾಕೋದು. ಇಷ್ಟು ಕಂಡ್ಕಳಕ್ಕೆ ಮೂರು ಸಲ ಕೆಡಿಸ್ಕಂಡಾ? ನನ್ನ ಕೇಳಿದ್ರೆ ಓದ್ ವರ್ಸಾನೇ ಏಳ್ತಿದ್ದೆ." ಅವಮಾನವೆಲ್ಲ ಹೋಗಿ ದನಿಯಲ್ಲಿ ಹೆಮ್ಮೆ ಬಂದಿತ್ತು. "ಬರ್ಬ್ಯಾಡ ಬುಡು. ಕೆಲ್ಸ ನೋಡು."

ನಾಲ್ಕನೇ ತುಣುಕು ಬಂದ ಸೋಮವಾರ ರೂಮಿನಲ್ಲೇ ತಲೆಗೆ ಸ್ನಾನ ಮಾಡಿ, ಲ್ಯಾಬಿನಲ್ಲೇ ಇಟ್ಟಿದ್ದ ಬಟ್ಟೆ ಹಾಕಿ, ಜಡೆಯನ್ನು ಟೋಪಿಗೆ ತುರುಕಿ ಕೂತೆ. ಮೂರನೇ ದಿನ ದ್ರವ ತಿಳಿಯಾಗಿತ್ತು. ಐದನೇ ದಿನವೂ. ಆರನೇ ದಿನ ಕೆಲವು ಜೀವಕೋಶಗಳು ತಳಕ್ಕೆ ಅಂಟಿ ಕಾಲು ಚಾಚಿದ್ದವು. ಹನ್ನೆರಡನೇ ದಿನ, ಚಪ್ಪಡಿ ಹಾಸಿದ ಹಾಗೆ ಒತ್ತೊತ್ತಾಗಿ ಕೂತಿದ್ದ ಅವುಗಳ ನಡುವೆ ಒಂದು ದುಂಡಗಾಗಿ, ಸೊಂಟದಲ್ಲಿ ಸಣ್ಣಗಾಗಿ, ನಾನು ನೋಡನೋಡುತ್ತಲೇ ಎರಡಾಗತೊಡಗಿತು. ಇಪ್ಪತ್ತನೇ ದಿನಕ್ಕೆ ಪ್ಲೇಟಿನಲ್ಲಿ ಜಾಗವೇ ಇರಲಿಲ್ಲ. ಗೈಡ್ ಬಂದು ಮೈಕ್ರೋಸ್ಕೋಪಿಗೆ ಬಗ್ಗಿ ಬಹಳ ಹೊತ್ತು ನೋಡಿದರು. "ವಿಷಯ ಬದಲಾಯಿಸೋದು ಬೇಡ" ಎಂದಷ್ಟೇ ಹೇಳಿ ಹೋದರು.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ.

"ಉಳ್ಕತ್ತಾ?" ಅಂದರು.

"ಉಳ್ಕಂಡದೆ ಕಣಪ್ಪ. ಬೆಳೀತಾನೇ ಅದೆ, ಪ್ಲೇಟ್ ತುಂಬಾ."

ಅಪ್ಪ ಗಾಣದ ಸದ್ದಿನಿಂದ ಆಚೆ ಬಂದು ದನಿ ತಗ್ಗಿಸಿದರು.

"ಕ್ಯಾನ್ಸರು ಬೆಳೀತು ಅಂತ ಕುಣಿಯೋ ಡಾಕ್ಟ್ರು ಅಂದ್ರೆ ನೀನೊಬ್ಳೇ ಕಣವ್ವ. ಈ ಕಡೆ ಯಾರ್ಗೂ ಏಳ್ಬ್ಯಾಡ."

ನಗುತ್ತಲೇ ಫೋನಿಟ್ಟೆ. ಪ್ಲೇಟು ತುಂಬಿದ್ದ ಜೀವಕೋಶಗಳನ್ನು ಅವತ್ತೇ ಎರಡು ಪ್ಲೇಟಿಗೆ ಹಂಚಬೇಕಿತ್ತು.