ಯಾರ ಮನೆಯ ಹನಿ

ತೊಗರಿಬೇಳೆ ಬೇಯುತ್ತಿದ್ದ ಪಾತ್ರೆಯ ಮೇಲಿನ ತಾಟನ್ನು ಮೊನ್ನೆ ಎತ್ತಿದೆ. ಅದರ ಒಳಬದಿಗೆ ಕಟ್ಟಿಕೊಂಡಿದ್ದ ಹನಿಗಳು ಮುಂಗೈ ಮೇಲೆ ಸುಡುಸುಡು ಬಿದ್ದವು. ಜಹೀರಾಬಾದಿನ ನನ್ನ ಅಡುಗೆಮನೆಯಲ್ಲಿ ಇದೇನು ಹೊಸದಲ್ಲ. ಆದರೂ ಆ ದಿನ ಹಾಗೇ ನಿಂತುಬಿಟ್ಟೆ... ಟೀಚರ್ ನೆನಪಾದರು.

ಕಂಗ್ಟಿ ಕಡೆಯ ನಮ್ಮೂರ ಕನ್ನಡ ಶಾಲೆಗೆ ಅವರು ತಾಂಡೂರಿನಿಂದ ಬಂದಿದ್ದರು. ಒಕ್ಕಲುತನದ ಮನೆಯವರು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಶಾಲೆಯಲ್ಲಿ ಕುಡಿಯುವ ನೀರಿನ ಕೊಡ ಒಂದೇ, ಲೋಟ ಮಾತ್ರ ಎರಡು. ದಲಿತರಾಗಿದ್ದು ಬೌದ್ಧರಾದ ನಮ್ಮ ಓಣಿಯ ಮಕ್ಕಳ ಲೋಟ ಕಿಟಕಿಯಲ್ಲಿರುತ್ತಿತ್ತು, ಉಳಿದವರದು ಕೊಡದ ಮೇಲೆ. ಬೇರೆಯವರು ಮೇಲಿನಿಂದ ಸುರಿದರೆ ಹಿಡಿದು ಕುಡಿಯಬೇಕು, ಕೊಡ ಮುಟ್ಟುವಂತಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಅವರು ನೀರು ಆವಿಯಾಗಿ ಮೇಲೇರಿ, ಮೋಡವಾಗಿ, ಮಳೆಯಾಗಿ ಮರಳುವ ಪಾಠ ಮಾಡುತ್ತಿದ್ದರು. ನನಗೊಂದು ಸಂಶಯ ಬಂತು. ಎದ್ದು ಕೇಳಿದೆ.

“ಪಟೇಲರ ಬಾವಿ ನೀರು ನಮ್ಮ ಓಣಿ ಮ್ಯಾಲೂ ಬೀಳ್ತದೇನ್ರಿ ಟೀಚರ್?”

ಇಡೀ ತರಗತಿ ನಕ್ಕಿತು. ಅವರು ನಗಲಿಲ್ಲ. ಮರುದಿನ ಎಲ್ಲರೂ ಮನೆಯಿಂದ ಒಂದೊಂದು ತಂಬಿಗೆ ನೀರು ತನ್ನಿ ಎಂದರು.

ತಂದೆವು. ಪಟೇಲರ ಬಾವಿಯದು, ನಮ್ಮ ಓಣಿಯ ಬೋರಿಂಗಿನದು, ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು, ಅಂಗಳದಲ್ಲಿ ಕಲ್ಲು ಹೂಡಿ ಕುದಿಸಿದರು. ಮೇಲೊಂದು ತಾಟು ಹಿಡಿದರು. ಹನಿ ಕಟ್ಟಿದ ಮೇಲೆ ನಮ್ಮತ್ತ ತಿರುಗಿಸಿದರು.

“ಹೇಳ್ರಿ ನೋಡಮ್, ಇದು ಯಾರ ಮನಿ ಹನಿ?”

ಹನಿಗಳನ್ನು ಕೊಡದ ಮೇಲಿನ ಲೋಟಕ್ಕೆ ಬಸಿದು ಮೊದಲು ತಾವು ಕುಡಿದರು, ಆಮೇಲೆ ನನಗೆ ಕೊಟ್ಟರು. ಒಂದು ಗುಟುಕೂ ಇರಲಿಲ್ಲ... ಕಿಟಕಿಯ ಲೋಟ ಅಂದೇ ಮಾಯವಾಯಿತು.

ಪಟೇಲರು ಶಾಲೆಗೇ ಬಂದು, ಇದೇನು ಹೊಸ ಪಾಠ ಎಂದು ತಕರಾರು ತೆಗೆದರು.

“ಹೊಸಾದೇನಲ್ರಿ ಕಾಕಾ, ಪುಸ್ತಕದಾಗ ಇದ್ದದ್ದೇ ಹೇಳೀನಿ,” ಎಂದರು ಟೀಚರ್.

ಪಟೇಲರು ಹೊರಟುಹೋದರು. ಆದರೆ ಮರುದಿನದಿಂದ ಅವರ ಕಡೆಯ ಮಕ್ಕಳೆಲ್ಲ ಮನೆಯಿಂದ ಬಾಟಲಿ ತರತೊಡಗಿದರು. ಕೊಡದ ನೀರು ನಮಗೂ ಟೀಚರಿಗೂ ಉಳಿಯಿತು. ಗೆದ್ದೆವೋ ಸೋತೆವೋ ನನಗೆ ತಿಳಿಯಲಿಲ್ಲ. ನಾನೇ ಕೊಡದೊಳಗೆ ಲೋಟ ಅದ್ದಿ ಕುಡಿದೆ, ಅಷ್ಟು ನಿಜ. ಟೀಚರಿಗೆ ಬೇಗನೆ ವರ್ಗವಾಯಿತು.

ಈಗ ನಮ್ಮೂರಿನ ಎಲ್ಲ ಮನೆಗೂ ಒಂದೇ ಗಾಡಿಯಿಂದ ಕ್ಯಾನಿನ ನೀರು ಬರುತ್ತದೆ. ಹೋದ ತಿಂಗಳು ಊರಲ್ಲಿ ಪಟೇಲರ ಕಡೆಯ ಶಾಲೆಯ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಪ್ರೀತಿಯಿಂದಲೇ ಕೂರಿಸಿದಳು. ಉಳಿದವರಿಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು, ನನಗೆ ಪೇಪರ್ ಕಪ್ಪಿನಲ್ಲಿ. ಕುಡಿಯಲಾಗಲಿಲ್ಲ, ಎದ್ದು ಬಂದೆ. ಟೀಚರಿಗೆ ಹೇಳಿಕೊಳ್ಳಬೇಕೆನಿಸಿತು. ಅವರಿವರನ್ನು ಕೇಳಿ ನಂಬರು ಹುಡುಕಿ ಫೋನ್ ಮಾಡಿದರೆ ಮಗಳು ಎತ್ತಿದಳು... ಅವರು ತೀರಿಹೋಗಿ ವರ್ಷವಾಗಿತ್ತು.

ಮೊನ್ನೆ ಬೇಳೆ ತಳ ಹತ್ತುವವರೆಗೂ ಆ ತಾಟು ಹಿಡಿದು ಅತ್ತೆ. ಯಾರ ಮನಿ ಹನಿ ಎಂದು ಕೇಳುವವರು ಹೋದರು. ಮುಂದಿನ ಸಲ ಆ ಗೆಳತಿಯ ಮನೆಗೆ ಹೋದಾಗ ನಾನೇ ಕೇಳಬೇಕು.